ಮೆಕ್ಯಾನಿಕಲ್ ಸೀಲ್ ಸೋರಿಕೆ: ದೋಷದ ಮೂಲವನ್ನು ಪತ್ತೆ ಹಚ್ಚುವ ವಿಧಾನ

ತಿರುಗುವ ಶಾಫ್ಟ್ ಪಂಪಿನೊಳಗೆ ಹೋಗುವ ಕಡೆ ದ್ರವ ಹೊರಬರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸೋರತೊಡಗಿದರೆ ಹೆಚ್ಚಿನ ಕಡೆ ಯಂತ್ರ ನಿಲ್ಲಿಸಿ, ಹಳೆಯ ಸೀಲನ್ನು ಕಳಚಿ ಎಸೆದು, ಹೊಸದನ್ನು ಕೂರಿಸುತ್ತಾರೆ. ಕೆಲವೇ ವಾರಗಳಲ್ಲಿ ಹೊಸ ಸೀಲೂ ಅದೇ ರೀತಿ ಕೆಟ್ಟರೆ ದೂರು ಸೀಲಿನ ಗುಣಮಟ್ಟದ ಮೇಲೆ ಹೋಗುತ್ತದೆ. ಆದರೆ ಸರಿಯಾಗಿ ಆರಿಸಿ ಕೂರಿಸಿದ ಸೀಲ್ ತನ್ನಷ್ಟಕ್ಕೆ ತಾನೇ ಬೇಗ ಕೆಡುವುದು ಅಪರೂಪ. ಬಾಗಿದ ಶಾಫ್ಟ್, ಸವೆದ ಬೇರಿಂಗ್, ಕಟ್ಟಿಕೊಂಡ ಫ್ಲಶಿಂಗ್ ಕೊಳವೆ (ಸೀಲಿಗೆ ದ್ರವ ಹರಿಸುವ ಕೊಳವೆ), ದ್ರವಕ್ಕೆ ಒಗ್ಗದ ರಬ್ಬರ್, ಪಂಪನ್ನು ನಡೆಸುವ ಕ್ರಮದಲ್ಲಿನ ತಪ್ಪು, ಇವೆಲ್ಲದರ ಪೆಟ್ಟು ಮೊದಲು ಬೀಳುವುದು ಸೀಲಿನ ಮೇಲೆ. ಆದ್ದರಿಂದ ಕೆಟ್ಟ ಸೀಲನ್ನು ಸಾಕ್ಷ್ಯವೆಂದು ನೋಡಬೇಕು. ದ್ರವ ಎಲ್ಲಿಂದ ಬರುತ್ತಿದೆ, ಯಾವಾಗ ಬರುತ್ತಿದೆ, ಕಳಚಿದ ಭಾಗಗಳ ಮೇಲೆ ಯಾವ ಗುರುತು ಉಳಿದಿದೆ ಎಂಬ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಬಹುಪಾಲು ಪ್ರಕರಣಗಳಲ್ಲಿ ಮೂಲ ಕಾರಣ ಸಿಗುತ್ತದೆ. ಈ ಕೈಪಿಡಿ ಮುಖ್ಯವಾಗಿ ದ್ರವ ಸಾಗಿಸುವ ಸೆಂಟ್ರಿಫ್ಯೂಗಲ್ ಪಂಪುಗಳ ಸೀಲಿಗೆ ಸಂಬಂಧಿಸಿದ್ದು, ಕಂಪ್ರೆಸರುಗಳ ಡ್ರೈ ಗ್ಯಾಸ್ ಸೀಲಿಗೆ ಇದನ್ನು ಅನ್ವಯಿಸಬಾರದು.

ಸೀಲ್ ಕೆಲಸ ಮಾಡುವ ಬಗೆ

ಶಾಫ್ಟಿನೊಂದಿಗೆ ತಿರುಗುವ ಒಂದು ಉಂಗುರ, ಪಂಪಿನ ಮೈಗೆ ಬೋಲ್ಟಿನಿಂದ ಬಿಗಿದ ಗ್ಲ್ಯಾಂಡ್ ಪ್ಲೇಟಿನಲ್ಲಿ ಸ್ಥಿರವಾಗಿ ಕೂತ ಇನ್ನೊಂದು ಉಂಗುರ, ಇವೆರಡರ ಸಪಾಟು ಮುಖಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಸ್ಪ್ರಿಂಗ್ ಅಥವಾ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆಗಳ ಕೊಳವೆ), ಮತ್ತು ಉಂಗುರಗಳ ಹಿಂಬದಿಯ ಸಂದುಗಳನ್ನು ಮುಚ್ಚುವ ಓ-ರಿಂಗುಗಳು: ಸೀಲೆಂದರೆ ಇಷ್ಟೇ. ಒಂದು ಮುಖ ಸಾಮಾನ್ಯವಾಗಿ ಕಾರ್ಬನ್ ಗ್ರಾಫೈಟಿನದಾಗಿದ್ದು, ಎದುರಿನ ಗಡಸು ಮುಖ ಸಿಲಿಕಾನ್ ಕಾರ್ಬೈಡ್, ಟಂಗ್‌ಸ್ಟನ್ ಕಾರ್ಬೈಡ್ ಅಥವಾ ಸೆರಾಮಿಕ್ಕಿನದಾಗಿರುತ್ತದೆ. ಮುಖಗಳ ನಡುವೆ ಮೈಕ್ರಾನ್ ಲೆಕ್ಕದಷ್ಟು ತೆಳುವಾದ ದ್ರವದ ಪದರ ನಿಂತು ಅವು ಒಣಗಿ ಉಜ್ಜಿಕೊಳ್ಳದಂತೆ ಕಾಯುತ್ತದೆ. ಇಷ್ಟು ತೆಳುವಾದ ಪದರ ನಿಲ್ಲಬೇಕಾದರೆ ಮುಖಗಳು ಅತ್ಯಂತ ಸಪಾಟಾಗಿರಬೇಕು. ಹೀಲಿಯಂ ಬೆಳಕಿನಡಿ ಆಪ್ಟಿಕಲ್ ಫ್ಲ್ಯಾಟ್ (ಅತಿ ಸಪಾಟಾದ ಗಾಜು) ಇಟ್ಟು ಎಣಿಸುವ ಒಂದು ಬೆಳಕಿನ ಪಟ್ಟೆ ಸುಮಾರು 0.29 ಮೈಕ್ರಾನಿಗೆ ಸಮ, ಮತ್ತು ಒಳ್ಳೆಯ ಮುಖದ ಏರುಪೇರು ಇಂಥ ಎರಡು ಮೂರು ಪಟ್ಟೆಗಳನ್ನು ಮೀರುವುದಿಲ್ಲ. ಬೆರಳಚ್ಚಿನ ಜಿಡ್ಡು, ಒಂದು ಎಳೆ ಹತ್ತಿ, ಗ್ಲ್ಯಾಂಡ್ ಬೋಲ್ಟಿನ ಅತಿಯಾದ ಬಿಗಿತ ಇವೂ ಏಕೆ ದೊಡ್ಡ ದೋಷಗಳಾಗುತ್ತವೆ ಎಂಬುದು ಈ ಅಳತೆಯಿಂದ ತಿಳಿಯುತ್ತದೆ.

ದ್ರವದ ಪದರ ಇರುವುದರಿಂದಲೇ ಸಂಪೂರ್ಣ ಶೂನ್ಯ ಸೋರಿಕೆ ಎಂಬುದು ಇಲ್ಲ. ಹೊರಬಂದ ಅತಿ ಸಣ್ಣ ಪ್ರಮಾಣ ಆವಿಯಾಗಿ ಹೋಗುವುದರಿಂದ ಕಣ್ಣಿಗೆ ಕಾಣುವುದಿಲ್ಲವಷ್ಟೆ.

ಯಂತ್ರ ನಿಲ್ಲಿಸುವ ಮುನ್ನ

ಪಂಪು ಓಡುತ್ತಿರುವಾಗ ಸಿಗುವ ಮಾಹಿತಿ ಅದನ್ನು ನಿಲ್ಲಿಸಿದ ಮೇಲೆ ಮರಳಿ ಸಿಗುವುದಿಲ್ಲ. ದ್ರವ ವಿಷಕಾರಿಯೋ, ಬೆಂಕಿ ಹಿಡಿಯುವಂಥದ್ದೋ, ತೀರಾ ಬಿಸಿಯಾದದ್ದೋ ಆಗಿದ್ದರೆ ಹತ್ತಿರ ಹೋಗದೆ ತಕ್ಷಣ ಪಂಪು ನಿಲ್ಲಿಸಿ, ಎರಡೂ ಬದಿಯ ವಾಲ್ವ್ ಮುಚ್ಚಿ, ಒತ್ತಡ ಇಳಿಸಿದ ಮೇಲೆಯೇ ಮುಂದಿನ ಮಾತು. ಅಪಾಯವಿಲ್ಲದ ದ್ರವವಾದರೆ ಕೆಲವು ನಿಮಿಷ ನಿಂತು ನೋಡುವುದು ಲಾಭದ ಕೆಲಸ. ಸಕ್ಷನ್ (ದ್ರವ ಒಳಬರುವ ಬದಿ) ಮತ್ತು ಡಿಸ್ಚಾರ್ಜ್ (ಹೊರಹೋಗುವ ಬದಿ) ಒತ್ತಡ, ಮೋಟಾರಿನ ಆಂಪಿಯರ್, ಬೇರಿಂಗ್ ಹೌಸಿಂಗಿನ ಕಂಪನ, ಗ್ಲ್ಯಾಂಡ್ ಪ್ಲೇಟಿನ ಉಷ್ಣತೆ ಇವನ್ನು ಬರೆದುಕೊಳ್ಳಬೇಕು.

ಮೊದಲು ತೀರ್ಮಾನಿಸಬೇಕಾದದ್ದು ದ್ರವ ನಿಜವಾಗಿಯೂ ಮುಖಗಳ ನಡುವಿನಿಂದ ಬರುತ್ತಿದೆಯೇ ಎಂಬುದು. ಗ್ಲ್ಯಾಂಡ್ ಪ್ಲೇಟನ್ನು ಒರೆಸಿ ಒಣಗಿಸಿ, ಮೊದಲ ಹನಿ ಎಲ್ಲಿ ಮೂಡುತ್ತದೆ ಎಂದು ಟಾರ್ಚ್ ಹಿಡಿದು ನೋಡಿದರೆ ಸಾಕು. ತಿರುಗುವ ಭಾಗಗಳಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಡಬೇಕೆಂದು ಬೇರೆ ಹೇಳಬೇಕಿಲ್ಲ. ಗ್ಲ್ಯಾಂಡಿನ ಹೊರ ಅಂಚಿನಲ್ಲಿ ಹನಿ ಮೂಡಿದರೆ ಅದು ಗ್ಯಾಸ್ಕೆಟ್ಟಿನ ದೋಷ. ಫ್ಲಶಿಂಗ್ ಕೊಳವೆಯ ಥ್ರೆಡ್ಡಿನಿಂದ ಇಳಿದು ಗ್ಲ್ಯಾಂಡಿನ ಕೆಳಗೆ ತೊಟ್ಟಿಕ್ಕುವ ದ್ರವವನ್ನು ಸೀಲಿನ ಸೋರಿಕೆಯೆಂದು ಭಾವಿಸುವುದೂ ಉಂಟು. ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ಶಾಫ್ಟಿಗೆ ಹೊದಿಸಿದ ಕೊಳವೆಯಾದ ಸ್ಲೀವಿನ ಅಡಿಯಿಂದ ಬರುವ ಸೋರಿಕೆ. ಸ್ಲೀವಿನ ಒಳಗಿನ ಓ-ರಿಂಗ್ ಅಥವಾ ಗ್ಯಾಸ್ಕೆಟ್ ಕೆಟ್ಟಾಗ ದ್ರವ ಶಾಫ್ಟಿನ ಗುಂಟ ಸಾಗಿ ಸ್ಲೀವಿನ ಹೊರ ತುದಿಯಲ್ಲಿ ಹೊರಬರುತ್ತದೆ. ಪಂಪು ಓಡಲಿ ನಿಲ್ಲಲಿ ಅದು ಹೆಚ್ಚುಕಡಿಮೆ ಒಂದೇ ಸಮನೆ ತೊಟ್ಟಿಕ್ಕುತ್ತಿರುತ್ತದೆ. ಇದನ್ನು ಗಮನಿಸದೆ ಎಷ್ಟು ಸೀಲ್ ಬದಲಿಸಿದರೂ ಫಲವಿಲ್ಲ.

ಸೋರಿಕೆಯ ಸಮಯ ಏನು ಹೇಳುತ್ತದೆ

ಹೊಸದಾಗಿ ಕೂರಿಸಿ ದ್ರವ ತುಂಬಿದ ಕೂಡಲೇ, ಪಂಪು ಚಾಲೂ ಆಗುವ ಮೊದಲೇ ಸೋರಿದರೆ ಜೋಡಣೆಯಲ್ಲಿ ತಪ್ಪಾಗಿದೆ. ಶಾಫ್ಟಿನಲ್ಲಿ ಕೊರೆದ ಕೀವೇ ತೋಡಿನ ಅಂಚಿಗೆ ತಾಗಿ ಓ-ರಿಂಗ್ ಕತ್ತರಿಸಿರಬಹುದು, ಸ್ಥಿರ ಉಂಗುರ ಓರೆಯಾಗಿ ಕೂತಿರಬಹುದು, ಮುಖ ಒಡೆದಿರಬಹುದು, ಅಥವಾ ಸ್ಪ್ರಿಂಗಿಗೆ ಕೊಡಬೇಕಾದ ಒತ್ತನ್ನು ಕೊಡದೆ ಮುಖಗಳು ಕೂಡಿಯೇ ಇಲ್ಲದಿರಬಹುದು. ಚಾಲೂ ಮಾಡಿದಾಗ ಅಲ್ಪಸ್ವಲ್ಪ ಸೋರಿ, ಕೆಲವು ಗಂಟೆಗಳಲ್ಲಿ ತಾನಾಗಿ ನಿಂತರೆ ಚಿಂತಿಸಬೇಕಿಲ್ಲ. ಕಾರ್ಬನ್ ಮುಖ ಎದುರಿನ ಮುಖಕ್ಕೆ ಹೊಂದಿಕೊಂಡಿದೆ ಎಂದರ್ಥ.

ನಿಂತಾಗ ಒಣಗಿದ್ದು ಓಡುವಾಗ ಮಾತ್ರ ಸೋರುವ ಸೀಲಿನಲ್ಲಿ ಅನುಮಾನ ತಿರುಗುವಿಕೆಯ ಮೇಲೆ ಬೀಳಬೇಕು. ಶಾಫ್ಟಿನ ಓಲಾಟ, ಸ್ಥಿರ ಉಂಗುರ ಶಾಫ್ಟಿಗೆ ಲಂಬವಾಗಿಲ್ಲದಿರುವುದು, ಬಿಸಿಯಿಂದ ಮುಖಗಳು ವಿರೂಪಗೊಳ್ಳುವುದು ಇಲ್ಲಿನ ಸಾಮಾನ್ಯ ಕಾರಣಗಳು. ತಿರುಗುವ ಉಂಗುರ ಪ್ರತಿ ಸುತ್ತಿಗೂ ಒಮ್ಮೆ ಮುಂದೆ, ಒಮ್ಮೆ ಹಿಂದೆ ಸರಿಯಬೇಕಾಗಿ ಬಂದರೆ ಅದರ ಹಿಂದಿನ ಓ-ರಿಂಗ್ ಅಷ್ಟು ವೇಗವಾಗಿ ಜಾರಲಾರದು, ಮುಖಗಳು ಕ್ಷಣಕಾಲ ತೆರೆದುಕೊಳ್ಳುತ್ತವೆ. ಇದಕ್ಕೆ ವಿರುದ್ಧವಾಗಿ, ನಿಂತಾಗ ಸೋರಿ ಓಡುವಾಗ ಒಣಗಿರುವ ಸೀಲಿನಲ್ಲಿ ಮುಖ ಸಪಾಟಾಗಿಲ್ಲದಿರುವುದನ್ನೂ ಓ-ರಿಂಗುಗಳನ್ನೂ ಮೊದಲು ನೋಡಬೇಕು.

ತಿಂಗಳುಗಟ್ಟಲೆ ಚೆನ್ನಾಗಿ ನಡೆದು ನಿಧಾನವಾಗಿ ಸೋರಿಕೆ ಹೆಚ್ಚಿಸಿಕೊಂಡ ಸೀಲನ್ನು ಕಳಚಿದಾಗ ಕಾರ್ಬನ್ ಮುಖ ಪೂರ್ತಿ ಸವೆದಿದ್ದರೆ ಅದು ತನ್ನ ಆಯುಷ್ಯ ಮುಗಿಸಿದೆ, ದೂರಲು ಏನೂ ಇಲ್ಲ. ಕಾರ್ಬನ್ ಇನ್ನೂ ಬೇಕಾದಷ್ಟು ಉಳಿದಿದ್ದರೆ ಮಾತ್ರ ಹುಡುಕಾಟ ಆರಂಭವಾಗಬೇಕು.

ಸದ್ದು, ಪುಡಿ ಮತ್ತು ಆವಿ

ಕೀಚಲು ಸದ್ದು ಬಂದರೆ ಮುಖಗಳಿಗೆ ದ್ರವ ತಲುಪುತ್ತಿಲ್ಲ. ಗ್ಲ್ಯಾಂಡಿನ ಹೊರಗೆ ಕಪ್ಪು ಪುಡಿ ಸಂಗ್ರಹವಾಗಿದ್ದರೆ ಕಾರ್ಬನ್ ಒಣಗಿ ತೇಯುತ್ತಿದೆ. ಸಕ್ಷನ್ ವಾಲ್ವ್ ಸರಿಯಾಗಿ ತೆರೆಯದಿರುವುದು, ಡಿಸ್ಚಾರ್ಜ್ ಮುಚ್ಚಿಯೇ ಪಂಪು ಓಡಿಸಿರುವುದು, ಲಂಬ ಪಂಪಿನಲ್ಲಿ ಸೀಲ್ ಕೋಣೆಯ (ಸೀಲ್ ಕೂತ ಜಾಗದ) ಗಾಳಿಯನ್ನು ಹೊರಬಿಡದಿರುವುದು ಇವು ಸಾಮಾನ್ಯವಾಗಿ ಸಿಗುವ ಕಾರಣಗಳು. ಕೊನೆಯದನ್ನು ಅನೇಕರು ಮರೆಯುತ್ತಾರೆ: ಪಂಪು ದ್ರವದಿಂದ ತುಂಬಿದ್ದರೂ ಮೇಲ್ಭಾಗದಲ್ಲಿರುವ ಸೀಲಿನ ಸುತ್ತ ಗಾಳಿ ಉಳಿದಿರುತ್ತದೆ.

ಬಿಸಿನೀರು, ಲಘು ಹೈಡ್ರೋಕಾರ್ಬನ್ ಮೊದಲಾದವುಗಳಲ್ಲಿ ಕಾಣುವ ಇನ್ನೊಂದು ಲಕ್ಷಣ ಪಟಪಟ ಸದ್ದಿನೊಂದಿಗೆ ಬಿಟ್ಟುಬಿಟ್ಟು ಚಿಮ್ಮುವ ಆವಿ. ಇದರ ಲೆಕ್ಕಾಚಾರವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಪದೇ ಪದೇ ಸೀಲ್ ತಿನ್ನುವ ಪಂಪುಗಳಲ್ಲಿ ಇದು ಗಮನಕ್ಕೆ ಬಾರದೆ ಉಳಿಯುತ್ತದೆ. 120 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಸಾಗಿಸುವ ಪಂಪಿನ ಸೀಲ್ ಕೋಣೆಯಲ್ಲಿ ಗೇಜ್ 1.5 ಬಾರ್ ತೋರಿಸುತ್ತಿದೆ ಎಂದುಕೊಳ್ಳೋಣ. ವಾತಾವರಣದ ಒತ್ತಡ ಸೇರಿಸಿದರೆ ಅದು ಸುಮಾರು 2.5 ಬಾರ್. 120 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ ಸುಮಾರು 2 ಬಾರ್ ಆದ್ದರಿಂದ ಕೋಣೆಯೊಳಗಿನ ನೀರು ಕುದಿಯುವುದಿಲ್ಲ. ಆದರೆ ಮುಖಗಳ ಘರ್ಷಣೆಯಿಂದ ನಡುವಿನ ಪದರ ಇನ್ನು 10 ಡಿಗ್ರಿಯಷ್ಟೇ ಬಿಸಿಯಾದರೂ ಆವಿ ಒತ್ತಡ 2.7 ಬಾರಿಗೆ ಏರುತ್ತದೆ, ಪದರ ಕುದಿದು ಆವಿಯಾಗುತ್ತದೆ. ಆವಿ ಮುಖಗಳನ್ನು ತಳ್ಳಿ ತೆರೆಯುತ್ತದೆ, ತಣ್ಣಗಿನ ದ್ರವ ನುಗ್ಗುತ್ತಲೇ ಸ್ಪ್ರಿಂಗ್ ಅವನ್ನು ಬಡಿದು ಮುಚ್ಚುತ್ತದೆ, ಮತ್ತೆ ಕುದಿಯುತ್ತದೆ. ಈ ಬಡಿತಕ್ಕೆ ಕಾರ್ಬನ್ನಿನ ಹೊರ ಅಂಚು ಚಕ್ಕೆಚಕ್ಕೆಯಾಗಿ ಎದ್ದುಹೋಗುತ್ತದೆ. ಇಲ್ಲಿ ಇನ್ನೂ ಗಟ್ಟಿಯಾದ ಮುಖ ಹಾಕುವುದು ಪರಿಹಾರವಲ್ಲ. ಸೀಲಿನ ಸುತ್ತಲಿನ ದ್ರವವನ್ನು ತಂಪಾಗಿಸಬೇಕು, ಕೋಣೆಯ ಒತ್ತಡ ಹೆಚ್ಚಿಸಬೇಕು, ಅಥವಾ ದ್ರವದ ಒತ್ತಡ ಪೂರ್ತಿಯಾಗಿ ಮುಖಗಳ ಮೇಲೆ ಬೀಳದಂತೆ ಮಾಡಿ ಕಡಿಮೆ ಬಿಸಿ ಹುಟ್ಟಿಸುವ ಬ್ಯಾಲೆನ್ಸ್ಡ್ ಸೀಲಿಗೆ ಬದಲಾಗಬೇಕು.

ಫ್ಲಶಿಂಗ್ ವ್ಯವಸ್ಥೆಯ ಪರಿಶೀಲನೆ

1994ರಲ್ಲಿ ಮೊದಲ ಆವೃತ್ತಿ ಕಂಡ ಎಪಿಐ 682 (ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟಿನ ಸೀಲ್ ಮಾನದಂಡ) ಸೀಲಿಗೆ ದ್ರವ ಒದಗಿಸುವ ಬಗೆಗಳಿಗೆ ಬಳಸುವ ಪ್ಲಾನ್ ಸಂಖ್ಯೆಗಳು ಇಂದು ಎಲ್ಲ ಕಡೆಯೂ ರೂಢಿಯಲ್ಲಿವೆ. ಪ್ಲಾನ್ 11ರಲ್ಲಿ ಡಿಸ್ಚಾರ್ಜಿನಿಂದ ಓರಿಫಿಸ್ (ಹರಿವನ್ನು ಮಿತಗೊಳಿಸುವ ಸಣ್ಣ ರಂಧ್ರ) ಮೂಲಕ ಸೀಲ್ ಕೋಣೆಗೆ ದ್ರವ ಬರುತ್ತದೆ. ಓರಿಫಿಸ್ ಕಟ್ಟಿಕೊಂಡರೆ ಹರಿವು ನಿಲ್ಲುತ್ತದೆ, ಆದರೆ ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಬಿಸಿ ದ್ರವದ ಪಂಪಾದರೆ ಕೊಳವೆಯ ಉಷ್ಣತೆಯನ್ನು ಓರಿಫಿಸಿನ ಹಿಂದೆ ಮತ್ತು ಮುಂದೆ ಅಳೆದು ನೋಡಬೇಕು. ಗಣನೀಯ ವ್ಯತ್ಯಾಸ ಕಂಡರೆ ಹರಿವಿಲ್ಲ. ಪ್ಲಾನ್ 23ರಲ್ಲಿ ಕೋಣೆಯ ದ್ರವವನ್ನೇ ಸೀಲಿನೊಂದಿಗೆ ತಿರುಗುವ ಪಂಪಿಂಗ್ ರಿಂಗ್ ಕೂಲರಿಗೆ ಕಳಿಸಿ ಮರಳಿ ತರುತ್ತದೆ. ಕೊಳವೆಯ ಎತ್ತರದ ತಿರುವಿನಲ್ಲಿ ಗಾಳಿ ಸಿಕ್ಕಿಕೊಂಡರೆ ಆ ದುರ್ಬಲ ಪರಿಚಲನೆ ನಿಂತೇಹೋಗುತ್ತದೆ. ಪ್ಲಾನ್ 32ರಲ್ಲಿ ಹೊರಗಿನ ಶುದ್ಧ ದ್ರವದ ಒತ್ತಡ ಕೋಣೆಯ ಒತ್ತಡಕ್ಕಿಂತ ಸದಾ ಹೆಚ್ಚಿರಬೇಕು, ಪಂಪು ಚಾಲೂ ಮಾಡುವಾಗಿನ ಕ್ಷಣವೂ ಸೇರಿದಂತೆ.

ಎರಡು ಜೊತೆ ಮುಖಗಳಿರುವ ಡಬಲ್ ಸೀಲುಗಳಲ್ಲಿ ಆ ಎರಡರ ನಡುವೆ ದ್ರವ ಒದಗಿಸುವ ಪಾಟಿನ (ಸಣ್ಣ ತೊಟ್ಟಿಯ) ಮಟ್ಟ ಮತ್ತು ಒತ್ತಡಗಳೇ ಉತ್ತರ ಹೇಳುತ್ತವೆ. ಒತ್ತಡವಿಲ್ಲದ ಪ್ಲಾನ್ 52ರಲ್ಲಿ ಪಾಟಿನ ಒತ್ತಡವೋ ಮಟ್ಟವೋ ಏರಿದರೆ ಒಳಗಿನ ಸೀಲ್ ಸೋರುತ್ತಿದೆ. ಒತ್ತಡವಿರುವ ಪ್ಲಾನ್ 53ಎಯಲ್ಲಿ ಪಾಟಿನಿಂದ ಬರುವ ಬ್ಯಾರಿಯರ್ ದ್ರವದ ಒತ್ತಡ ಕೋಣೆಯ ಒತ್ತಡಕ್ಕಿಂತ ಕನಿಷ್ಠ 1.4 ಬಾರ್ ಹೆಚ್ಚಿರಬೇಕು. ಇಲ್ಲಿ ಮಟ್ಟ ಇಳಿಯುತ್ತಿದ್ದು ಹೊರಗೆ ಹನಿಯೂ ಕಾಣದಿದ್ದರೆ ಬ್ಯಾರಿಯರ್ ದ್ರವ ಒಳಗಿನ ಮುಖಗಳ ಮೂಲಕ ಪಂಪಿನ ದ್ರವಕ್ಕೆ ಸೇರುತ್ತಿದೆ.

ಕಳಚಿದ ಮುಖಗಳನ್ನು ಓದುವುದು

ಸೀಲನ್ನು ಕಳಚಿದ ತಕ್ಷಣ ತೊಳೆಯಬಾರದು. ಸ್ಪ್ರಿಂಗುಗಳ ನಡುವಿನ ಕೆಸರು, ಓ-ರಿಂಗಿನ ಮುಂದೆ ಕಟ್ಟಿದ ಹರಳು, ಸ್ಲೀವಿನ ಮೇಲಿನ ಕರಿ ಎಲ್ಲವೂ ಸಾಕ್ಷ್ಯ. ಫೋಟೊ ತೆಗೆದು, ಯಾವ ಭಾಗ ಯಾವ ದಿಕ್ಕಿನಲ್ಲಿತ್ತು ಎಂದು ಗುರುತಿಸಿ, ಆಮೇಲೆ ಶುಚಿಗೊಳಿಸಬೇಕು. ಗ್ಲ್ಯಾಂಡ್ ಬೋಲ್ಟುಗಳು ಎಷ್ಟು ಬಿಗಿಯಾಗಿದ್ದವು ಎಂಬುದನ್ನೂ ಬಿಚ್ಚುವಾಗಲೇ ಗಮನಿಸಬೇಕು.

ಹೆಚ್ಚಿನ ಸೀಲುಗಳಲ್ಲಿ ಕಾರ್ಬನ್ ಮುಖ ಕಿರಿದಾಗಿದ್ದು, ಗಡಸು ಮುಖ ಅಗಲವಾಗಿರುತ್ತದೆ. ಆರೋಗ್ಯವಂತ ಸೀಲಿನ ಗಡಸು ಮುಖದ ಮೇಲೆ ಕಾರ್ಬನ್ನಿನ ಅಗಲದಷ್ಟೇ ಇರುವ, ಸುತ್ತಲೂ ಸಮನಾಗಿ ಮಿನುಗುವ ಒಂದು ಪಟ್ಟೆ ಇರುತ್ತದೆ. ಈ ಪಟ್ಟೆಯ ಆಕಾರ ಎಲ್ಲಿ ತಪ್ಪಿದೆ ಎಂಬುದರಲ್ಲಿಯೇ ರೋಗದ ಹೆಸರಿದೆ.

ಪಟ್ಟೆ ಕಾರ್ಬನ್ನಿಗಿಂತ ಅಗಲವಾಗಿದ್ದರೆ ಶಾಫ್ಟ್ ಓಲಾಡಿದೆ: ಬೇರಿಂಗ್ ಸವೆತ, ಬಾಗಿದ ಶಾಫ್ಟ್, ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗ್ ಅಲೈನ್‌ಮೆಂಟ್ ದೋಷ, ಕ್ಯಾವಿಟೇಶನ್ (ದ್ರವದಲ್ಲಿ ಆವಿಗುಳ್ಳೆ ಹುಟ್ಟಿ ಸಿಡಿಯುವುದು), ಅಥವಾ ಪಂಪನ್ನು ಅದರ ಉತ್ತಮ ದಕ್ಷತೆಯ ಹರಿವಿನಿಂದ ಬಹುದೂರ ನಡೆಸಿರುವುದು. ಸ್ಥಿರ ಗಡಸು ಮುಖದ ಮೇಲೆ ಪಟ್ಟೆಯ ಅಗಲ ಸರಿಯಾಗಿದ್ದೂ ಅದು ಒಂದು ಪಕ್ಕಕ್ಕೆ ಸರಿದಿದ್ದರೆ ಗ್ಲ್ಯಾಂಡ್ ಪ್ಲೇಟ್ ಶಾಫ್ಟಿನ ಕೇಂದ್ರಕ್ಕೆ ಕೂತಿಲ್ಲ. ಎದುರು ಬದುರು ಎರಡು ಕಡೆ, ಅಥವಾ ಬೋಲ್ಟುಗಳ ನೇರಕ್ಕೆ ಮಾತ್ರ ಮಿನುಗಿದ್ದು ನಡುವೆ ಮಂಕಾಗಿದ್ದರೆ ಬೋಲ್ಟುಗಳನ್ನು ವಿಪರೀತವಾಗಿಯೋ ಅಸಮವಾಗಿಯೋ ಬಿಗಿದು ಉಂಗುರವನ್ನೇ ಬಗ್ಗಿಸಲಾಗಿದೆ. ಸೋರುತ್ತಿದೆಯೆಂದು ಬೋಲ್ಟನ್ನು ಇನ್ನಷ್ಟು ಬಿಗಿಯುವುದು ಶಾಫ್ಟಿನ ಸುತ್ತ ಹಗ್ಗದಂಥ ಪ್ಯಾಕಿಂಗ್ ಒತ್ತಿ ಸೋರಿಕೆ ತಡೆಯುತ್ತಿದ್ದ ಗ್ಲ್ಯಾಂಡ್ ಪ್ಯಾಕಿಂಗ್ ಕಾಲದ ಅಭ್ಯಾಸ. ಪ್ಯಾಕಿಂಗಿಗೆ ಅದು ಔಷಧಿಯಾಗಿತ್ತು, ಸೀಲಿಗೆ ವಿಷ.

ಒತ್ತಡ ಹೊರ ಸುತ್ತಿನಿಂದ ಬರುವ ಸಾಮಾನ್ಯ ಸೀಲಿನಲ್ಲಿ ಪಟ್ಟೆ ಹೊರ ಅಂಚಿನಲ್ಲಿ ದಟ್ಟವಾಗಿದ್ದರೆ ಸೀಲಿನ ಮಿತಿ ಮೀರಿದ ಒತ್ತಡವನ್ನೂ, ಒಳ ಅಂಚಿನಲ್ಲಿ ದಟ್ಟವಾಗಿದ್ದರೆ ಅತಿಯಾದ ಬಿಸಿಯನ್ನೂ ಅನುಮಾನಿಸಬೇಕು. ಪಟ್ಟೆಯೇ ಇಲ್ಲದಿದ್ದರೆ ಮುಖಗಳು ಒಂದರ ಮೇಲೊಂದು ತಿರುಗಿಯೇ ಇಲ್ಲ: ಉಂಗುರವನ್ನು ಶಾಫ್ಟಿಗೆ ಹಿಡಿಸುವ ಸೆಟ್ ಸ್ಕ್ರೂ ಜಾರಿದೆ, ಡ್ರೈವ್ ಪಿನ್ ಮುರಿದಿದೆ, ಅಥವಾ ಎರಡೂ ಉಂಗುರಗಳು ಅಂಟಿಕೊಂಡು ಸ್ಥಿರ ಉಂಗುರವೇ ತನ್ನ ಗೂಡಿನಲ್ಲಿ ಸುತ್ತಿದೆ.

ಗಡಸು ಮುಖದ ಮೇಲೆ ಕೇಂದ್ರದಿಂದ ಹೊರಕ್ಕೆ ಹೋಗುವ ಕೂದಲೆಳೆಯಂಥ ಬಿರುಕುಗಳು ಒಣ ಓಟದ ಗುರುತು. ಅದರ ಮೇಲೆ ಆಳವಾದ ಗೀರುಗಳಿದ್ದರೆ ಮರಳು ಅಥವಾ ಹರಳಿನ ಕಣಗಳು ಮೆತ್ತನೆಯ ಕಾರ್ಬನ್ನಿನಲ್ಲಿ ಹೂತು ಕೂತು ಗಡಸು ಮುಖವನ್ನು ಕೊರೆದಿವೆ. ಮೆತ್ತನೆಯದೇ ಗಡಸನ್ನು ತಿಂದಂತೆ ಕಾಣುವ ಈ ವಿಚಿತ್ರವನ್ನು ನೋಡಿ ಗಡಸು ಮುಖದ ವಸ್ತು ಕಳಪೆಯೆಂದು ತೀರ್ಮಾನಿಸಬಾರದು. ಇಂಥಲ್ಲಿ ಎರಡೂ ಮುಖಗಳನ್ನು ಗಡಸಾಗಿಸಿ, ಶುದ್ಧ ದ್ರವದ ಫ್ಲಶಿಂಗ್ ಕೊಡಬೇಕು. ಕಾರ್ಬನ್ ಮುಖದ ಮೇಲೆ ಗುಳ್ಳೆ ಎದ್ದು ಸಿಡಿದ ಸಣ್ಣ ಕುಳಿಗಳು ಮಂದವಾದ ಎಣ್ಣೆ ಸಾಗಿಸುವ, ಆಗಾಗ ನಿಂತು ಚಾಲೂ ಆಗುವ ಪಂಪುಗಳಲ್ಲಿ ಕಾಣುತ್ತವೆ.

ಓ-ರಿಂಗ್, ಸ್ಪ್ರಿಂಗ್ ಮತ್ತು ಸ್ಲೀವ್

ಊದಿಕೊಂಡು ಮೆತ್ತಗಾದ ಓ-ರಿಂಗ್ ದ್ರವಕ್ಕೆ ಒಗ್ಗದ ರಬ್ಬರನ್ನು ತೋರಿಸುತ್ತದೆ. ಗಟ್ಟಿಯಾಗಿ ಬಿರುಕು ಬಿಟ್ಟದ್ದು ಬಿಸಿಯನ್ನು ತೋರಿಸುತ್ತದೆ. ರಬ್ಬರುಗಳಲ್ಲಿ ನೈಟ್ರೈಲ್ ಸುಮಾರು 100 ಡಿಗ್ರಿಯ ಆಚೆಗೆ ಬಹುಕಾಲ ಬಾಳದು. ಇಪಿಡಿಎಂ ಬಿಸಿನೀರಿಗೆ ಉತ್ತಮ, ಆದರೆ ಖನಿಜ ತೈಲ ತಾಗಿದರೆ ಊದಿಕೊಳ್ಳುತ್ತದೆ. ಜೋಡಿಸುವಾಗ ಜಾರಲೆಂದು ಹಚ್ಚಿದ ಸಾಮಾನ್ಯ ಗ್ರೀಸೂ ಅದನ್ನು ಹಾಳುಮಾಡಬಲ್ಲದು. ವೈಟಾನ್ 200 ಡಿಗ್ರಿಯವರೆಗಿನ ಎಣ್ಣೆಯನ್ನು ತಡೆದರೂ ಅದರ ಸಾಮಾನ್ಯ ದರ್ಜೆಗಳು ಹಬೆಗೂ ಕುದಿವ ನೀರಿಗೂ ಸೋಲುತ್ತವೆ. ಬಿಸಿ ಹೆಚ್ಚೆಂದು ಕಣ್ಣುಮುಚ್ಚಿ ವೈಟಾನ್ ಹಾಕುವವರು ಇದನ್ನು ನೆನಪಿಡಬೇಕು.

ಮುಖಗಳು ಚೆನ್ನಾಗಿದ್ದೂ, ಕಾರ್ಬನ್ ಉಳಿದಿದ್ದೂ ಸೀಲ್ ಸೋರಿದ್ದರೆ ತಿರುಗುವ ಉಂಗುರ ಮುಂದಕ್ಕೆ ಸರಿಯಲಾಗದೆ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಕಾಸ್ಟಿಕ್, ಸಕ್ಕರೆ ಪಾಕ ಮುಂತಾದವು ಮುಖ ದಾಟಿ ಹೊರಬಂದು ಗಾಳಿಗೆ ಹರಳುಗಟ್ಟುತ್ತವೆ, ಬಿಸಿ ಎಣ್ಣೆ ಕರಿಯಾಗಿ ಕಟ್ಟುತ್ತದೆ. ಅವು ಓ-ರಿಂಗಿನ ಮುಂದೆ ಗೋಡೆ ಕಟ್ಟಿದ ಮೇಲೆ ಮುಖ ಸವೆದಷ್ಟು ಉಂಗುರ ಮುಂದೆ ಬರುವುದಿಲ್ಲ. ಇದಕ್ಕೆ ಪ್ಲಾನ್ 62ರಂತೆ ಹೊರಬದಿಗೆ ನೀರು ಅಥವಾ ಹಬೆಯ ಕ್ವೆಂಚ್ (ತೊಳೆಯುವ ಹರಿವು) ಕೊಡುವುದು ರೂಢಿ. ಓ-ರಿಂಗ್ ಕೂರುವ ಜಾಗದಲ್ಲಿ ಸ್ಲೀವ್ ಮೇಲೆ ತೋಡು ಬಿದ್ದಿದ್ದರೆ ಅದು ಸಣ್ಣ ಅಲುಗಾಟದ ನಿರಂತರ ಉಜ್ಜುವಿಕೆಯಿಂದ ಆದದ್ದು. ಹಳೆಯ ಸ್ಲೀವಿನ ಮೇಲೆ ಹೊಸ ಸೀಲ್ ಕೂರಿಸಿದರೆ ಓ-ರಿಂಗ್ ಆ ತೋಡಿಗೇ ಸಿಕ್ಕಿಬೀಳುತ್ತದೆ. ಮುರಿದ ಸ್ಟೇನ್‌ಲೆಸ್ ಸ್ಪ್ರಿಂಗ್ ಕಂಡರೆ ದ್ರವದಲ್ಲಿನ ಕ್ಲೋರೈಡನ್ನು ಪರೀಕ್ಷಿಸಬೇಕು.

ಸೀಲಿನ ಬಗೆಯೇ ತಪ್ಪಾಗಿದ್ದರೆ

ಅನ್‌ಬ್ಯಾಲೆನ್ಸ್ಡ್ ಸೀಲಿಗೆ ಸಾಮಾನ್ಯವಾಗಿ 10 ಬಾರ್ ಆಸುಪಾಸಿನ ಮಿತಿ ಇರುತ್ತದೆ. ಅದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಬ್ಯಾಲೆನ್ಸ್ಡ್ ಬೇಕು. ಹಲವು ಸಣ್ಣ ಸ್ಪ್ರಿಂಗುಗಳ ಸೀಲ್ ಸಮನಾದ ಒತ್ತು ಕೊಟ್ಟರೂ ಕೊಳೆ ದ್ರವದಲ್ಲಿ ಬೇಗ ಕಟ್ಟಿಕೊಳ್ಳುತ್ತದೆ, ದೊಡ್ಡ ಒಂಟಿ ಸ್ಪ್ರಿಂಗಿನದು ಕಟ್ಟಿಕೊಳ್ಳುವುದಿಲ್ಲ. ಆದರೆ ಶಂಕುವಿನಾಕಾರದ ಒಂಟಿ ಸ್ಪ್ರಿಂಗ್ ಒಂದೇ ದಿಕ್ಕಿನ ತಿರುಗುವಿಕೆಗೆ ಮಾಡಿದ್ದು. ಮೋಟಾರಿನ ಫೇಸ್ ಅದಲುಬದಲಾಗಿ ಪಂಪು ಹಿಮ್ಮುಖ ತಿರುಗಿದರೆ ಸ್ಪ್ರಿಂಗ್ ಸಡಿಲವಾಗಿ ಜಾರುತ್ತದೆ. ಜಾರುವ ಓ-ರಿಂಗ್ ಪದೇ ಪದೇ ಸಿಕ್ಕಿಕೊಳ್ಳುವಲ್ಲಿ ಬೆಲ್ಲೋಸ್ ಸೀಲ್ ಒಳ್ಳೆಯದು, ಅತಿ ಬಿಸಿಯಲ್ಲಿ ಲೋಹದ ಬೆಲ್ಲೋಸ್. ಮುಖದ ವಸ್ತುವಿನ ವಿಷಯದಲ್ಲಿ ಎರಡು ತಪ್ಪುಗಳು ಹೆಚ್ಚು: ಸ್ವತಂತ್ರ ಸಿಲಿಕಾನ್ ಉಳಿದಿರುವ ರಿಯಾಕ್ಷನ್ ಬಾಂಡೆಡ್ ಸಿಲಿಕಾನ್ ಕಾರ್ಬೈಡನ್ನು ಪ್ರಬಲ ಕಾಸ್ಟಿಕ್ಕಿಗೆ ಬಳಸುವುದು, ಕಾರ್ಬನ್ನನ್ನು ಪ್ರಬಲ ಆಕ್ಸಿಡೀಕರಣಕಾರಿಗಳಿಗೆ ಬಳಸುವುದು.

ಮರುಜೋಡಣೆಗೆ ಮುನ್ನ

ಹೊಸ ಸೀಲನ್ನು ಪೊಟ್ಟಣದಿಂದ ತೆಗೆಯುವ ಮೊದಲು ಡಯಲ್ ಗೇಜಿನಿಂದ ಯಂತ್ರವನ್ನು ಅಳೆಯಬೇಕು. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಓಲಾಟ 0.05 ಮಿ.ಮೀ. ಮೀರಬಾರದು. ಸೀಲ್ ಕೋಣೆಯ ಮುಖ ಶಾಫ್ಟಿಗೆ ಲಂಬವಾಗಿರಬೇಕು. ಕೋಣೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ 0.5 ಮೈಕ್ರಾನ್ ಎಂಬುದು ಇದಕ್ಕೆ ಬಳಸುವ ಮಿತಿ, ಅಂದರೆ 100 ಮಿ.ಮೀ. ಕೋಣೆಗೆ 0.05 ಮಿ.ಮೀ. ಶಾಫ್ಟನ್ನು ಮೇಲೆತ್ತಿ ಬೇರಿಂಗಿನ ಸಡಿಲವನ್ನೂ, ಹಿಂದೆ ಮುಂದೆ ತಳ್ಳಿ ಉದ್ದದ ಆಟವನ್ನೂ ನೋಡಬೇಕು. ಕೊಳವೆಯ ಫ್ಲೇಂಜ್ ಬೋಲ್ಟುಗಳನ್ನು ಸಡಿಲಿಸಿದಾಗ ಕಪ್ಲಿಂಗಿನ ಮೇಲಿನ ಗೇಜ್ ಅಲುಗಿದರೆ ಪೈಪುಗಳು ಪಂಪನ್ನು ಎಳೆಯುತ್ತಿವೆ, ಅದನ್ನು ಸರಿಪಡಿಸದೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ.

ಮೊದಲೇ ಒಂದಾಗಿ ಜೋಡಿಸಿ ಬರುವ ಕಾರ್ಟ್ರಿಜ್ ಸೀಲಿನಲ್ಲಿ ಗ್ಲ್ಯಾಂಡ್ ಬೋಲ್ಟ್ ಬಿಗಿದು, ಸೆಟ್ ಸ್ಕ್ರೂ ಬಿಗಿದು, ಕೊನೆಯಲ್ಲಿ ಸೆಟ್ಟಿಂಗ್ ಕ್ಲಿಪ್ಪುಗಳನ್ನು ಸರಿಸಬೇಕು. ತೆರೆದ ಇಂಪೆಲ್ಲರಿನ (ದ್ರವ ತಳ್ಳುವ ಚಕ್ರದ) ಪಂಪಾದರೆ ಇಂಪೆಲ್ಲರಿಗೂ ಪಂಪಿನ ಮೈಗೂ ನಡುವಿನ ಅಂತರವನ್ನು ಇದಕ್ಕೂ ಮೊದಲೇ ಹೊಂದಿಸಿರಬೇಕು, ಏಕೆಂದರೆ ಆಮೇಲೆ ಶಾಫ್ಟನ್ನು ಸರಿಸಿದಷ್ಟೂ ಸ್ಪ್ರಿಂಗಿನ ಒತ್ತು ಬದಲಾಗುತ್ತದೆ. ಬಿಡಿ ಭಾಗಗಳ ಸೀಲಿನಲ್ಲಿ ಡ್ರಾಯಿಂಗಿನ ಅಳತೆಯನ್ನು ಸ್ಲೀವಿನ ಮೇಲೆ ಗೀಟು ಹಾಕಿಯೇ ಕೂರಿಸಬೇಕು. ಸಾಧ್ಯವಿದ್ದಲ್ಲಿ ಗಾಳಿ ಪರೀಕ್ಷೆ ಮಾಡಬೇಕು: ಎಪಿಐ 682ರ ಪ್ರಕಾರ 1.7 ಬಾರ್ ಗಾಳಿ ತುಂಬಿ ಮೂಲವನ್ನು ಮುಚ್ಚಿದಾಗ 5 ನಿಮಿಷದಲ್ಲಿ ಒತ್ತಡ 0.14 ಬಾರಿಗಿಂತ ಹೆಚ್ಚು ಇಳಿಯಬಾರದು. ಬಳಿಕ ಸಕ್ಷನ್ ತೆರೆದು, ಸೀಲ್ ಕೋಣೆಯ ಗಾಳಿ ಪೂರ್ತಿ ಹೊರಬಿಟ್ಟು, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ, ಮೋಟಾರಿನ ದಿಕ್ಕನ್ನು ಕಪ್ಲಿಂಗ್ ಬೇರ್ಪಡಿಸಿಯೇ ಖಚಿತಪಡಿಸಿಕೊಂಡು ಪಂಪನ್ನು ಚಾಲೂ ಮಾಡಬೇಕು. ಮೊದಲ ಗಂಟೆಯ ಗ್ಲ್ಯಾಂಡ್ ಉಷ್ಣತೆ, ಕಂಪನ ಮತ್ತು ಕೋಣೆಯ ಒತ್ತಡವನ್ನು ಹಳೆಯ ಸೀಲಿನ ಫೋಟೊಗಳಿರುವ ಕಡತದಲ್ಲಿಯೇ ಬರೆದಿಡಬೇಕು.